ಬೆಳಗಾವಿ ಪ್ರದೇಶದ ಯುವಜನರಲ್ಲಿ ಮಾಧ್ಯಮ ಸಾಕ್ಷರತೆ

ಮಾಧ್ಯಮ ಸಾಕ್ಷರತೆ ಎಂದರೆ ಪತ್ರಿಕೆ, ರೇಡಿಯೊ, ದೂರದರ್ಶನ, ಜಾಹೀರಾತು ಮತ್ತು ಅಂತರಜಾಲದ ಮೂಲಕ ಬರುವ ಮಾಹಿತಿಯನ್ನು ಪಡೆಯುವ, ಅರ್ಥೈಸುವ, ಪರಿಶೀಲಿಸುವ ಹಾಗೂ ಹೊಣೆಯರಿತು ತಾನೂ ಮಾಹಿತಿಯನ್ನು ರಚಿಸಿ ಹಂಚುವ ಸಾಮರ್ಥ್ಯ. ಅಕ್ಷರ ಬಲ್ಲವರೆಲ್ಲರೂ ಮಾಧ್ಯಮ ಸಾಕ್ಷರರಾಗಿರುವುದಿಲ್ಲ. ಸಂದೇಶವೊಂದನ್ನು ಓದಲು ಬಂದರೂ ಅದನ್ನು ಬರೆದವರು ಯಾರು, ಯಾವಾಗ, ಯಾವ ಉದ್ದೇಶಕ್ಕಾಗಿ ಬರೆದರು ಎಂಬುದನ್ನು ವಿಚಾರಿಸಲು ಬೇರೆಯೇ ಅಭ್ಯಾಸ ಬೇಕಾಗುತ್ತದೆ. ಈ ಅಭ್ಯಾಸವನ್ನು ಶಾಲಾ-ಕಾಲೇಜು ಹಂತದಲ್ಲಿಯೇ ಕಲಿಸಬೇಕೆಂಬುದು ಶಿಕ್ಷಣ ಕ್ಷೇತ್ರದಲ್ಲಿ ವ್ಯಾಪಕವಾಗಿ ಒಪ್ಪಿತವಾದ ಅಭಿಪ್ರಾಯವಾಗಿದೆ.

ಕರ್ನಾಟಕದ ವಾಯವ್ಯ ಭಾಗದಲ್ಲಿರುವ ಬೆಳಗಾವಿ ನಗರ ಹಾಗೂ ಅದರ ದಕ್ಷಿಣಕ್ಕೆ ಸುಮಾರು 26 ಕಿ.ಮೀ. ದೂರದಲ್ಲಿರುವ ಖಾನಾಪುರದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಈ ಪ್ರದೇಶವು ಬಹುಭಾಷಿಕವಾಗಿದ್ದು, ದೀರ್ಘಕಾಲದ ಗಡಿ ವಿವಾದದ ಕೇಂದ್ರವಾಗಿದೆ. ನಕಲಿ ಖಾತೆಗಳು, ಸಂದರ್ಭದಿಂದ ಬೇರ್ಪಟ್ಟ ದೃಶ್ಯಗಳು ಮತ್ತು ಸೈಬರ್ ವಂಚನೆ ಇಲ್ಲಿನ ಜನಜೀವನದ ಮೇಲೆ ನೇರ ಪರಿಣಾಮ ಬೀರಿವೆ.

ಪರಿಕಲ್ಪನೆ

ತಪ್ಪು ಮಾಹಿತಿಯನ್ನು ಅಧ್ಯಯನಕಾರರು ಸಾಮಾನ್ಯವಾಗಿ ಮೂರು ವಿಧವಾಗಿ ವಿಂಗಡಿಸುತ್ತಾರೆ.

- ಅರಿಯದೆ ಹರಡುವ ತಪ್ಪು ಮಾಹಿತಿ: ಹಂಚುವವರು ಅದನ್ನು ನಿಜವೆಂದೇ ನಂಬಿರುತ್ತಾರೆ. ಕುಟುಂಬದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬರುವ ಮನೆಮದ್ದಿನ ಸಂದೇಶಗಳಲ್ಲಿ ಹಲವು ಈ ಬಗೆಯವು.
- ಉದ್ದೇಶಪೂರ್ವಕ ಸುಳ್ಳು ಮಾಹಿತಿ: ಜನರನ್ನು ದಾರಿ ತಪ್ಪಿಸಲೆಂದೇ ತಯಾರಿಸಲಾಗುತ್ತದೆ. ನಕಲಿ ಖಾತೆಗಳು, ತಿರುಚಿದ ಚಿತ್ರಗಳು ಮತ್ತು ಡೀಪ್‌ಫೇಕ್ ವಿಡಿಯೊಗಳು ಇದಕ್ಕೆ ಉದಾಹರಣೆ.
- ಕೇಡಿನ ಉದ್ದೇಶದಿಂದ ಬಳಸುವ ನಿಜ ಮಾಹಿತಿ: ಖಾಸಗಿ ಚಿತ್ರವನ್ನು ಬಹಿರಂಗಪಡಿಸುವುದು, ಹಳೆಯ ಘಟನೆಯ ನಿಜವಾದ ದೃಶ್ಯವನ್ನು ಇಂದಿನದೆಂದು ಹಂಚುವುದು ಇತ್ಯಾದಿ.

ಮೂರನೆಯ ವಿಧವನ್ನು ಗುರುತಿಸುವುದು ಹೆಚ್ಚು ಕಷ್ಟ. ದೃಶ್ಯ ನಿಜವಾದದ್ದೇ ಆಗಿರುವುದರಿಂದ ನೋಡುಗರಿಗೆ ಅನುಮಾನ ಹುಟ್ಟುವುದಿಲ್ಲ. ಆದ್ದರಿಂದ ಮಾಧ್ಯಮ ಸಾಕ್ಷರತೆಯ ಪಾಠಗಳಲ್ಲಿ 'ಇದು ನಿಜವೇ' ಎಂಬ ಪ್ರಶ್ನೆಯ ಜೊತೆಗೆ 'ಇದು ಎಲ್ಲಿಯದು, ಯಾವಾಗಿನದು, ಈಗ ಏಕೆ ಬಂದಿದೆ' ಎಂಬ ಪ್ರಶ್ನೆಗಳನ್ನೂ ಕಲಿಸಲಾಗುತ್ತದೆ.

ಜಾಗತಿಕ ಹಾಗೂ ರಾಷ್ಟ್ರೀಯ ಹಿನ್ನೆಲೆ

1982ರ ಜನವರಿ 22ರಂದು ಅಂದಿನ ಪಶ್ಚಿಮ ಜರ್ಮನಿಯ ಗ್ರುನ್‌ವಾಲ್ಡ್‌ನಲ್ಲಿ ಯುನೆಸ್ಕೊ ನಡೆಸಿದ ಸಮಾವೇಶದಲ್ಲಿ 19 ದೇಶಗಳ ಪ್ರತಿನಿಧಿಗಳು ಮಾಧ್ಯಮ ಶಿಕ್ಷಣದ ಘೋಷಣೆಯನ್ನು ಅಂಗೀಕರಿಸಿದರು. ಮಾಧ್ಯಮಗಳನ್ನು ಖಂಡಿಸುವ ಬದಲು ಅವುಗಳ ಪ್ರಭಾವವನ್ನು ಒಪ್ಪಿಕೊಂಡು, ಮಕ್ಕಳನ್ನು ಅದಕ್ಕೆ ಸಿದ್ಧಗೊಳಿಸಬೇಕೆಂಬುದು ಆ ಘೋಷಣೆಯ ತಿರುಳಾಗಿತ್ತು. 2011ರಲ್ಲಿ ಯುನೆಸ್ಕೊ ಶಿಕ್ಷಕರಿಗಾಗಿ ಮಾಧ್ಯಮ ಮತ್ತು ಮಾಹಿತಿ ಸಾಕ್ಷರತೆಯ ಪಠ್ಯಕ್ರಮವನ್ನು ಪ್ರಕಟಿಸಿತು. ಪ್ರತಿವರ್ಷ ಅಕ್ಟೋಬರ್ 24ರಿಂದ 31ರವರೆಗೆ ಜಾಗತಿಕ ಮಾಧ್ಯಮ ಮತ್ತು ಮಾಹಿತಿ ಸಾಕ್ಷರತಾ ಸಪ್ತಾಹವನ್ನು ಆಚರಿಸಲಾಗುತ್ತದೆ. 2021ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು ಈ ಆಚರಣೆಗೆ ಮಾನ್ಯತೆ ನೀಡಿತು. ಫಿನ್ಲೆಂಡ್ ದೇಶವು 2016ರಿಂದ ಜಾರಿಗೆ ತಂದ ಶಾಲಾ ಪಠ್ಯಕ್ರಮದಲ್ಲಿ ಬಹುಬಗೆಯ ಪಠ್ಯಗಳನ್ನು ಓದಿ ವಿಮರ್ಶಿಸುವ ಕೌಶಲವನ್ನು ಪ್ರತ್ಯೇಕ ವಿಷಯವಾಗಿಸದೆ ಎಲ್ಲ ವಿಷಯಗಳಲ್ಲಿಯೂ ಸೇರಿಸಿದೆ.

ಭಾರತದ ಸಂವಿಧಾನದ 51ಎ ವಿಧಿಯು ವೈಜ್ಞಾನಿಕ ಮನೋಭಾವ ಹಾಗೂ ಪ್ರಶ್ನಿಸುವ ಪ್ರವೃತ್ತಿಯನ್ನು ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿಮರ್ಶಾತ್ಮಕ ಚಿಂತನೆ ಮತ್ತು ಡಿಜಿಟಲ್ ಸಾಕ್ಷರತೆಯನ್ನು ಕಲಿಕೆಯ ಗುರಿಗಳಲ್ಲಿ ಸೇರಿಸಿದೆ. ನೆರೆಯ ಕೇರಳದ ಕಣ್ಣೂರು ಜಿಲ್ಲಾಡಳಿತವು 2018ರಲ್ಲಿ ಸರ್ಕಾರಿ ಶಾಲೆಗಳ ವಿದ್ಯಾರ್ಥಿಗಳಿಗೆ ಸುಳ್ಳು ಸುದ್ದಿಯನ್ನು ಗುರುತಿಸುವ ತರಗತಿಗಳನ್ನು 'ಸತ್ಯಮೇವ ಜಯತೆ' ಎಂಬ ಹೆಸರಿನಲ್ಲಿ ಆರಂಭಿಸಿತು.

ಪ್ರದೇಶದ ಮಾಧ್ಯಮ ಪರಿಸರ

ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಉರ್ದು ಮತ್ತು ಕೊಂಕಣಿ ಭಾಷಿಕರು ಒಟ್ಟಾಗಿ ಬಾಳುತ್ತಾರೆ. 2011ರ ಜನಗಣತಿಯಂತೆ ಮಹಾನಗರ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 4,88,157. ನಗರಕ್ಕೆ ಹಳೆಯ ಪತ್ರಿಕಾ ಪರಂಪರೆಯಿದೆ. ಬಾಬುರಾವ್ ಠಾಕೂರ್ ಅವರು 1919ರಲ್ಲಿ ಇಲ್ಲಿ 'ತರುಣ ಭಾರತ' ಎಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿದರು. 1924ರ ಡಿಸೆಂಬರ್‌ನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನವೂ ಇಲ್ಲಿಯೇ ನಡೆಯಿತು. ಕನ್ನಡದ ರಾಜ್ಯಮಟ್ಟದ ದಿನಪತ್ರಿಕೆಗಳು, ಸ್ಥಳೀಯ ಕನ್ನಡ ಪತ್ರಿಕೆಗಳು ಮತ್ತು ಮರಾಠಿ ಪತ್ರಿಕೆಗಳು ಒಂದೇ ಬೀದಿಯ ಅಂಗಡಿಯಲ್ಲಿ ದೊರೆಯುತ್ತವೆ. ಕೆ.ಎಲ್.ಇ. ಸಂಸ್ಥೆಯು 'ವೇಣುಧ್ವನಿ' ಎಂಬ ಸಮುದಾಯ ಬಾನುಲಿ ಕೇಂದ್ರವನ್ನು ನಡೆಸುತ್ತಿದೆ.

ಖಾನಾಪುರ ತಾಲ್ಲೂಕು ಪಶ್ಚಿಮ ಘಟ್ಟದ ಅಂಚಿನಲ್ಲಿದೆ. ಮಲಪ್ರಭಾ ನದಿಯು ಈ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಭೀಮಗಡ ವನ್ಯಜೀವಿಧಾಮದ ಒಳಗೆ ಮತ್ತು ಸುತ್ತಮುತ್ತ ಇರುವ ಕಾಡಂಚಿನ ಹಳ್ಳಿಗಳಲ್ಲಿ ಮೊಬೈಲ್ ಸಂಪರ್ಕ ನಗರದಷ್ಟು ಸುಲಭವಲ್ಲ. ಸಂಪರ್ಕ ದುರ್ಬಲವಾಗಿರುವಲ್ಲಿ ಬಂದ ಸಂದೇಶವನ್ನು ಮತ್ತೊಂದು ಮೂಲದೊಂದಿಗೆ ಹೋಲಿಸಿ ನೋಡುವ ಅವಕಾಶವೂ ಕಡಿಮೆ. ನಗರ ಮತ್ತು ಕಾಡಂಚಿನ ಈ ಅಂತರವು ಮಾಧ್ಯಮ ಸಾಕ್ಷರತೆಯ ಯಾವುದೇ ಯೋಜನೆ ಗಮನಿಸಬೇಕಾದ ಅಂಶವಾಗಿದೆ.

ಬಹುಭಾಷಿಕತೆಗೆ ಎರಡು ಮುಖಗಳಿವೆ. ಒಂದೆಡೆ, ಒಂದು ಭಾಷೆಯ ಗುಂಪಿನಲ್ಲಿ ಹರಡುವ ವದಂತಿ ಮತ್ತೊಂದು ಭಾಷೆಯವರ ಕಣ್ಣಿಗೆ ಬೀಳದೆ ಪ್ರಶ್ನೆಗೆ ಒಳಗಾಗದೆ ಉಳಿಯುತ್ತದೆ. ಮತ್ತೊಂದೆಡೆ, ಕನ್ನಡ ಮತ್ತು ಮರಾಠಿ ಎರಡನ್ನೂ ಓದಬಲ್ಲ ವಿದ್ಯಾರ್ಥಿಯು ಒಂದೇ ಘಟನೆಯ ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬಲ್ಲ. ಏಕಭಾಷಿಕ ಊರಿನ ವಿದ್ಯಾರ್ಥಿಗೆ ಈ ಅನುಕೂಲ ಇರುವುದಿಲ್ಲ.

ಗಡಿ ವಿವಾದ ಮತ್ತು ಮಾಹಿತಿಯ ದುರ್ಬಳಕೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿಯು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಈ ಭಾಗದ 800ಕ್ಕೂ ಹೆಚ್ಚು ಹಳ್ಳಿ-ಪಟ್ಟಣಗಳ ಮೇಲೆ ಮಹಾರಾಷ್ಟ್ರವು ಹಕ್ಕು ಸಾಧಿಸುತ್ತ ಬಂದಿದೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿ ಸಲ್ಲಿಸಿ, ಬೆಳಗಾವಿ ನಗರವು ಕರ್ನಾಟಕದಲ್ಲಿಯೇ ಉಳಿಯಬೇಕೆಂದೂ ನಿಪ್ಪಾಣಿ, ಖಾನಾಪುರ, ನಂದಗಡ ಸೇರಿದಂತೆ 264 ಊರುಗಳು ಮಹಾರಾಷ್ಟ್ರಕ್ಕೂ, ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ ಸೇರಿದಂತೆ 247 ಊರುಗಳು ಕರ್ನಾಟಕಕ್ಕೂ ಸೇರಬೇಕೆಂದೂ ಶಿಫಾರಸು ಮಾಡಿತು. ಮಹಾರಾಷ್ಟ್ರವು ವರದಿಯನ್ನು ಒಪ್ಪಲಿಲ್ಲ. 2004ರಲ್ಲಿ ಆ ರಾಜ್ಯವು ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು.

ವರದಿಯ ಈ ಎರಡೂ ಭಾಗಗಳು ಸಾರ್ವಜನಿಕ ಚರ್ಚೆಯಲ್ಲಿ ಸಮಾನವಾಗಿ ಕೇಳಿಬರುವುದಿಲ್ಲ. ತಮಗೆ ಅನುಕೂಲವಾದ ಭಾಗವನ್ನಷ್ಟೇ ಉಲ್ಲೇಖಿಸುವ ರೂಢಿ ಎರಡೂ ಕಡೆ ಇದೆ. ದಾಖಲೆಯನ್ನು ಪೂರ್ಣವಾಗಿ ಓದುವುದಕ್ಕೂ ಅದರ ಆಯ್ದ ಭಾಗವನ್ನು ಕೇಳುವುದಕ್ಕೂ ಇರುವ ವ್ಯತ್ಯಾಸಕ್ಕೆ ಇದು ಸ್ಥಳೀಯ ನಿದರ್ಶನವಾಗಿದೆ.

2021ರ ಡಿಸೆಂಬರ್ ಘಟನೆಗಳು

2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಛತ್ರಪತಿ ಶಿವಾಜಿಯ ಪ್ರತಿಮೆಗೆ ಮಸಿ ಬಳಿದ ದೃಶ್ಯವು ಸಾಮಾಜಿಕ ಜಾಲತಾಣಗಳಲ್ಲಿ ಹರಡಿತು. ಡಿಸೆಂಬರ್ 17ರ ರಾತ್ರಿ ಬೆಳಗಾವಿಯಲ್ಲಿ ಪ್ರತಿಭಟನೆ ನಡೆದು, ಸರ್ಕಾರಿ ವಾಹನಗಳ ಮೇಲೆ ಕಲ್ಲು ತೂರಲಾಯಿತು. ಅನಗೋಳದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಲಾಯಿತು. ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಆದ್ದರಿಂದ ಈ ಘಟನೆಯು ಇಡೀ ಭಾಗದಲ್ಲಿ ತೀವ್ರ ಭಾವನೆಗಳನ್ನು ಕೆರಳಿಸಿತು. ಆಗ ಸುವರ್ಣ ವಿಧಾನಸೌಧದಲ್ಲಿ ವಿಧಾನಮಂಡಲದ ಅಧಿವೇಶನ ನಡೆಯುತ್ತಿತ್ತು. ನಗರದಲ್ಲಿ ನಿಷೇಧಾಜ್ಞೆ ಜಾರಿಗೊಳಿಸಲಾಯಿತು. ಇಲ್ಲಿ ಕೃತ್ಯಗಳು ನಿಜವಾಗಿ ನಡೆದಿದ್ದವು. ಆದರೆ ನೂರಾರು ಕಿಲೊಮೀಟರ್ ದೂರದಲ್ಲಿ ಕೆಲವರು ಮಾಡಿದ ಕೃತ್ಯದ ದೃಶ್ಯವು, ಅದಕ್ಕೆ ಸಂಬಂಧವೇ ಇಲ್ಲದ ಜನರ ನಡುವೆ ಮತ್ತೊಂದು ಕೃತ್ಯಕ್ಕೆ ಹೇಗೆ ಕಾರಣವಾಗಬಲ್ಲದು ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

2022ರ ನಕಲಿ ಖಾತೆಗಳ ಪ್ರಶ್ನೆ

2022ರ ಡಿಸೆಂಬರ್‌ನಲ್ಲಿ ಗಡಿ ವಿವಾದ ಮತ್ತೆ ಉಲ್ಬಣಗೊಂಡಿತು. ಡಿಸೆಂಬರ್ 6ರಂದು ಬೆಳಗಾವಿ ಸಮೀಪದ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರ ನೋಂದಣಿಯ ಲಾರಿಗಳ ಮೇಲೆ ಕಲ್ಲು ತೂರಾಟ ನಡೆಯಿತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ದೆಹಲಿಯಲ್ಲಿ ಅಂದಿನ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿ ಮತ್ತು ಏಕನಾಥ ಶಿಂಧೆ ಅವರೊಂದಿಗೆ ಸಭೆ ನಡೆಸಿದರು. ಪ್ರಮುಖ ನಾಯಕರ ಹೆಸರಿನಲ್ಲಿ ತೆರೆದ ನಕಲಿ ಟ್ವಿಟರ್ ಖಾತೆಗಳು ಉದ್ವಿಗ್ನತೆ ಹೆಚ್ಚಲು ಕಾರಣವಾಗಿವೆ ಎಂದೂ ಅಂಥವರ ವಿರುದ್ಧ ಪ್ರಕರಣ ದಾಖಲಿಸಲಾಗುವುದೆಂದೂ ಸಭೆಯ ನಂತರ ಅವರು ತಿಳಿಸಿದರು. ಎರಡೂ ರಾಜ್ಯಗಳ ತಲಾ ಮೂವರು ಸಚಿವರ ಸಮಿತಿಯನ್ನು ರಚಿಸಲು ನಿರ್ಧರಿಸಲಾಯಿತು. ನಕಲಿ ಖಾತೆಗಳ ಕುರಿತ ಈ ವಿವರಣೆಯನ್ನು ಮಹಾರಾಷ್ಟ್ರದ ವಿರೋಧ ಪಕ್ಷಗಳು ಪ್ರಶ್ನಿಸಿದವು. ಒಂದು ಟ್ವೀಟ್ ಯಾರದೆಂಬ ಪ್ರಶ್ನೆಯೇ ಎರಡು ರಾಜ್ಯಗಳ ನಡುವಿನ ಚರ್ಚೆಯ ವಿಷಯವಾದದ್ದು ಈ ಪ್ರಕರಣದ ವೈಶಿಷ್ಟ್ಯ.

ವದಂತಿ ಮತ್ತು ಜೀವಹಾನಿ

ಮೊಬೈಲ್ ಮೂಲಕ ಹರಡುವ ವದಂತಿಯ ಗಂಭೀರ ಪರಿಣಾಮವನ್ನು ಕರ್ನಾಟಕವು ಹಲವು ಬಾರಿ ಕಂಡಿದೆ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ಮತ್ತು ಇತರ ಮಾರ್ಗಗಳಲ್ಲಿ ಹರಡಿದ ಬೆದರಿಕೆಯ ವದಂತಿಗಳಿಂದ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರನ್ನು ತೊರೆದರು. ಕೇಂದ್ರ ಸರ್ಕಾರವು ಒಮ್ಮೆಲೇ ಕಳುಹಿಸುವ ಎಸ್‌ಎಂಎಸ್‌ಗಳ ಸಂಖ್ಯೆಯನ್ನು ತಾತ್ಕಾಲಿಕವಾಗಿ ಐದಕ್ಕೆ ಸೀಮಿತಗೊಳಿಸಿತು.

2018ರಲ್ಲಿ ದೇಶದ ಹಲವೆಡೆ ಮಕ್ಕಳ ಕಳ್ಳರ ವದಂತಿ ಹರಡಿತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ವಲಸೆ ಕಾರ್ಮಿಕರೊಬ್ಬರು ಗುಂಪಿನ ಹಲ್ಲೆಯಿಂದ ಮೃತಪಟ್ಟರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟ್ ನೀಡಿದ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಭಾವಿಸಿ ನಡೆಸಿದ ಹಲ್ಲೆಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಸಾವಿಗೀಡಾದರು. ಅವರ ಕುರಿತ ಸಂದೇಶವು ವಾಟ್ಸ್ಆ್ಯಪ್ ಗುಂಪುಗಳ ಮೂಲಕ ಅವರಿಗಿಂತ ಮೊದಲೇ ಮುಂದಿನ ಊರನ್ನು ತಲುಪಿತ್ತು. ಅದೇ ತಿಂಗಳಲ್ಲಿ ವಾಟ್ಸ್ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡಲು ಸಾಧ್ಯವಾಗುವಂತೆ ಮಿತಿ ವಿಧಿಸುವುದಾಗಿ ಪ್ರಕಟಿಸಿತು.

ಆಗ ಹರಡಿದ ವಿಡಿಯೊಗಳಲ್ಲಿ ಒಂದು ಪಾಕಿಸ್ತಾನದ ಕರಾಚಿಯ ಮಕ್ಕಳ ಸುರಕ್ಷತಾ ಜಾಹೀರಾತಾಗಿತ್ತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗಿ, ನಂತರ ಹಿಂದಿರುಗಿಸಿ, ಜಾಗೃತಿಯ ಫಲಕ ತೋರಿಸುವ ದೃಶ್ಯ ಅದರಲ್ಲಿತ್ತು. ಕೊನೆಯ ಭಾಗವನ್ನು ಕತ್ತರಿಸಿದ್ದರಿಂದ ಅದು ಅಪಹರಣದ ಸಾಕ್ಷ್ಯದಂತೆ ತೋರಿತು. ವಿಡಿಯೊದ ಮೂಲವನ್ನು ಹುಡುಕುವ ಕೌಶಲ ಏಕೆ ಬೇಕೆಂಬುದನ್ನು ವಿವರಿಸಲು ಈ ಉದಾಹರಣೆಯನ್ನು ಹೆಚ್ಚಾಗಿ ಬಳಸಲಾಗುತ್ತದೆ.

ಸೈಬರ್ ವಂಚನೆ

ಮಾಧ್ಯಮ ಸಾಕ್ಷರತೆಯು ಸುದ್ದಿಗೆ ಮಾತ್ರ ಸೀಮಿತವಲ್ಲ. ಕರೆ, ಸಂದೇಶ ಮತ್ತು ವಿಡಿಯೊ ಕರೆಗಳ ಮೂಲಕ ನಡೆಯುವ ವಂಚನೆಯೂ ಅದರ ವ್ಯಾಪ್ತಿಗೆ ಬರುತ್ತದೆ. 2025ರ ಮಾರ್ಚ್ ಕೊನೆಯ ವಾರದಲ್ಲಿ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೃದ್ಧ ದಂಪತಿ 'ಡಿಜಿಟಲ್ ಅರೆಸ್ಟ್' ವಂಚನೆಗೆ ಸಿಲುಕಿ ಪ್ರಾಣ ಕಳೆದುಕೊಂಡರು. ದೂರಸಂಪರ್ಕ ಇಲಾಖೆ ಮತ್ತು ಪೊಲೀಸ್ ಅಧಿಕಾರಿಗಳೆಂದು ಹೇಳಿಕೊಂಡವರು ಅವರನ್ನು ಬೆದರಿಸಿ 50 ಲಕ್ಷ ರೂಪಾಯಿಗೂ ಹೆಚ್ಚು ಹಣವನ್ನು ವಸೂಲಿ ಮಾಡಿದ್ದರು. ಹಣ ಕೊಟ್ಟಷ್ಟೂ ಬೇಡಿಕೆ ನಿಲ್ಲಲಿಲ್ಲ.

ಈ ಬಗೆಯ ವಂಚನೆಯಲ್ಲಿ ನಿಶ್ಚಿತ ಕ್ರಮವಿರುತ್ತದೆ. ಮೊದಲು ಸಿಮ್ ಕಾರ್ಡ್, ಪಾರ್ಸೆಲ್ ಅಥವಾ ಬ್ಯಾಂಕ್ ಖಾತೆ ಅಪರಾಧದಲ್ಲಿ ಬಳಕೆಯಾಗಿದೆ ಎಂದು ಹೇಳಲಾಗುತ್ತದೆ. ನಂತರ ಸಮವಸ್ತ್ರ ಧರಿಸಿದ ವ್ಯಕ್ತಿ ವಿಡಿಯೊ ಕರೆಯಲ್ಲಿ ಕಾಣಿಸಿಕೊಂಡು ನಕಲಿ ವಾರಂಟ್ ತೋರಿಸುತ್ತಾನೆ. ಯಾರಿಗೂ ತಿಳಿಸಬಾರದೆಂದೂ ಕರೆ ಕಡಿತಗೊಳಿಸಬಾರದೆಂದೂ ಬೆದರಿಸಲಾಗುತ್ತದೆ. ಪರಿಶೀಲನೆಗೆಂದು ಹಣವನ್ನು ವರ್ಗಾಯಿಸಿಕೊಳ್ಳಲಾಗುತ್ತದೆ. ಭಾರತದ ಕಾನೂನಿನಲ್ಲಿ ವಿಡಿಯೊ ಕರೆಯ ಮೂಲಕ ಬಂಧಿಸುವ ಕ್ರಮವೇ ಇಲ್ಲ. 2024ರ ಅಕ್ಟೋಬರ್ 27ರ 'ಮನದ ಮಾತು' ಬಾನುಲಿ ಭಾಷಣದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಈ ವಂಚನೆಯ ಕುರಿತು ಎಚ್ಚರಿಸುವಾಗ ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಕರೆಯನ್ನು ಉದಾಹರಣೆಯಾಗಿ ಕೇಳಿಸಿದ್ದರು. 2025ರ ಡಿಸೆಂಬರ್ 1ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆ ನಡೆಸುವಂತೆ ಸಿಬಿಐಗೆ ಸೂಚಿಸಿತು.

ವಂಚಕರು ಬಯಸುವುದು ಏಕಾಂತವನ್ನು. ಬಲಿಪಶುವು ಮನೆಯ ಮತ್ತೊಬ್ಬರೊಂದಿಗೆ ಅಥವಾ ನೆರೆಯವರೊಂದಿಗೆ ಮಾತನಾಡಿದರೆ ವಂಚನೆ ಮುರಿದುಬೀಳುವ ಸಾಧ್ಯತೆ ಹೆಚ್ಚು. ಮೊಬೈಲ್ ಬಳಕೆಯಲ್ಲಿ ಹಿರಿಯರು ಸಾಮಾನ್ಯವಾಗಿ ಕಿರಿಯರ ನೆರವು ಕೇಳುವುದರಿಂದ, ಇದನ್ನು ಅರಿತ ವಿದ್ಯಾರ್ಥಿಯು ಮನೆಗೂ ಓಣಿಗೂ ರಕ್ಷಣೆಯಾಗಬಲ್ಲ. ಯುವಜನರಿಗೆ ಕಲಿಸಿದ್ದು ಹಿರಿಯರಿಗೂ ತಲುಪುತ್ತದೆ ಎಂಬ ವಾದಕ್ಕೆ ಇದು ಮುಖ್ಯ ಆಧಾರ.

ಯುವಜನರು ಸ್ವತಃ ಬಲಿಯಾಗುವ ವಂಚನೆಗಳೂ ಇವೆ. ಮನೆಯಿಂದಲೇ ಕೆಲಸ, ಲೈಕ್ ಒತ್ತಿದರೆ ಹಣ, ದಿಢೀರ್ ಸಾಲದ ಆ್ಯಪ್, ಖಾಸಗಿ ಚಿತ್ರ ಬಹಿರಂಗಪಡಿಸುವ ಬೆದರಿಕೆ ಇವು ಸಾಮಾನ್ಯವಾದವು. ಕಮಿಷನ್ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಅಪರಿಚಿತರಿಗೆ ಬಳಸಲು ಕೊಟ್ಟ ವಿದ್ಯಾರ್ಥಿಗಳು ವಂಚನೆಯ ಹಣ ಸಾಗಿಸಿದ ಆರೋಪಕ್ಕೆ ಗುರಿಯಾಗುವ ಅಪಾಯವಿದೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರ ಪೊಲೀಸರು ಅಮೆರಿಕದ ನಾಗರಿಕರನ್ನು ವಂಚಿಸುತ್ತಿದ್ದ ಆರೋಪದ ಮೇಲೆ ನಗರದಲ್ಲಿನ ಕಾಲ್‌ಸೆಂಟರ್ ಒಂದರ ಮೇಲೆ ದಾಳಿ ನಡೆಸಿ, ವಿವಿಧ ರಾಜ್ಯಗಳಿಂದ ಬಂದಿದ್ದ 30ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು. ಉದ್ಯೋಗದ ಆಹ್ವಾನವನ್ನು ಪರಿಶೀಲಿಸುವುದು ಕೂಡ ಮಾಧ್ಯಮ ಸಾಕ್ಷರತೆಯ ಭಾಗವೆಂಬುದನ್ನು ಇಂಥ ಪ್ರಕರಣಗಳು ನೆನಪಿಸುತ್ತವೆ.

ಸೈಬರ್ ವಂಚನೆಯ ದೂರಿಗಾಗಿ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 1930 ಇದೆ. ಹಣ ವರ್ಗಾವಣೆಯಾದ ಕೂಡಲೇ ಕರೆ ಮಾಡಿದರೆ ಅದು ಮುಂದಿನ ಖಾತೆಗೆ ಹೋಗದಂತೆ ತಡೆಹಿಡಿಯುವ ಸಾಧ್ಯತೆ ಹೆಚ್ಚಿರುತ್ತದೆ. ಸಂಶಯಾಸ್ಪದ ಕರೆಗಳ ಬಗ್ಗೆ ತಿಳಿಸಲು ದೂರಸಂಪರ್ಕ ಇಲಾಖೆಯು 2024ರಲ್ಲಿ 'ಸಂಚಾರ್ ಸಾಥಿ' ಜಾಲತಾಣದಲ್ಲಿ 'ಚಕ್ಷು' ಎಂಬ ಸೌಲಭ್ಯವನ್ನು ಆರಂಭಿಸಿತು.

ಯುವಜನರು ಮತ್ತು ಮೊಬೈಲ್ ಬಳಕೆ

ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಕುರಿತ 'ಅಸರ್' 2023ರ ವರದಿಯ ಪ್ರಕಾರ, ಸುಮಾರು ಶೇ. 90ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಸಾಮಾಜಿಕ ಜಾಲತಾಣ ಬಳಸುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಸುರಕ್ಷತೆಯ ಸೆಟ್ಟಿಂಗ್‌ಗಳ ಪರಿಚಯವಿತ್ತು. 14ರಿಂದ 16 ವರ್ಷದವರ ಕುರಿತ 2024ರ ವರದಿಯಲ್ಲಿ ಶೇ. 82ಕ್ಕೂ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ವಾರ ಕಲಿಕೆಗೆ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ. 76. ಬಳಕೆಯ ಕೌಶಲ ಮತ್ತು ವಿವೇಚನೆಯ ಕೌಶಲಗಳ ನಡುವಿನ ಅಂತರವನ್ನು ಈ ಅಂಕಿಗಳು ಸೂಚಿಸುತ್ತವೆ.

ಡೀಪ್‌ಫೇಕ್ ತಂತ್ರಜ್ಞಾನವು ಈ ಅಂತರವನ್ನು ಮತ್ತಷ್ಟು ಗಂಭೀರಗೊಳಿಸಿದೆ. 2023ರ ನವೆಂಬರ್‌ನಲ್ಲಿ ಕೊಡಗು ಮೂಲದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಮತ್ತೊಬ್ಬ ಮಹಿಳೆಯ ವಿಡಿಯೊಗೆ ಜೋಡಿಸಿ ಹರಡಿದ ಪ್ರಕರಣವು ದೇಶದಾದ್ಯಂತ ಚರ್ಚೆಯಾಯಿತು.

ಬೋಧನೆಯ ಅಂಶಗಳು ಮತ್ತು ವಿಧಾನಗಳು

ಮೂಲ ಪರಿಶೀಲನೆ

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರ ಅಧ್ಯಯನಗಳು ವೃತ್ತಿಪರ ಸತ್ಯಶೋಧಕರ ಓದಿನ ಕ್ರಮವನ್ನು ಗುರುತಿಸಿವೆ. ಅಪರಿಚಿತ ಪುಟವನ್ನು ಅವರು ಮೇಲಿನಿಂದ ಕೆಳಗೆ ಓದುತ್ತ ಕೂರುವುದಿಲ್ಲ. ಅದನ್ನು ಬಿಟ್ಟು ಹೊರಬಂದು, ಅದರ ಬಗ್ಗೆ ಇತರ ಮೂಲಗಳು ಏನು ಹೇಳುತ್ತವೆ ಎಂದು ನೋಡುತ್ತಾರೆ. ಈ ಕ್ರಮವನ್ನು ಪಾರ್ಶ್ವ ಓದು ಎನ್ನಬಹುದು. ಚಿತ್ರಗಳಿಗೆ ಹಿಮ್ಮುಖ ಹುಡುಕಾಟವನ್ನು ಬಳಸಿ, ಅದೇ ಚಿತ್ರ ಈ ಹಿಂದೆ ಎಲ್ಲಿ, ಯಾವಾಗ ಪ್ರಕಟವಾಗಿತ್ತು ಎಂಬುದನ್ನು ತಿಳಿಯಬಹುದು. ನ್ಯೂಸ್‌ಚೆಕರ್, ನ್ಯೂಸ್‌ಮೀಟರ್ ಮೊದಲಾದ ಸತ್ಯಶೋಧನಾ ತಾಣಗಳು ಕನ್ನಡದಲ್ಲಿಯೂ ವರದಿಗಳನ್ನು ಪ್ರಕಟಿಸುತ್ತವೆ.

ಸ್ಥಳೀಯ ವಿಷಯಗಳ ಬಳಕೆ

ದೂರದ ಉದಾಹರಣೆಗಳಿಗಿಂತ ಊರಿನ ಉದಾಹರಣೆಗಳು ವಿದ್ಯಾರ್ಥಿಗಳಿಗೆ ಬೇಗ ಮನದಟ್ಟಾಗುತ್ತವೆ. ಈ ಪ್ರದೇಶದಲ್ಲಿ ಅಂಥ ವಿಷಯಗಳಿಗೆ ಕೊರತೆಯಿಲ್ಲ.

- ಮಹದಾಯಿ ಜಲವಿವಾದ: ಕಳಸಾ-ಬಂಡೂರಿ ಯೋಜನೆಯ ಪ್ರದೇಶವು ಖಾನಾಪುರ ತಾಲ್ಲೂಕಿನಲ್ಲಿದೆ. ನ್ಯಾಯಮಂಡಳಿಯು 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿತು. ಇದರಲ್ಲಿ ಮಲಪ್ರಭಾ ಕಣಿವೆಗೆ ತಿರುಗಿಸಲು ಅವಕಾಶವಿರುವುದು ಕಳಸಾದಿಂದ 1.72 ಹಾಗೂ ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಅಡಿ. ತೀರ್ಪನ್ನು 2020ರ ಫೆಬ್ರುವರಿ 27ರಂದು ಅಧಿಸೂಚಿಸಲಾಯಿತು. ಈ ಅಂಕಿಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ವರದಿಯ ಅರ್ಥವೇ ಬದಲಾಗುತ್ತದೆ. ಗೋವಾ ಮತ್ತು ಕರ್ನಾಟಕದ ಪತ್ರಿಕೆಗಳ ವರದಿಗಳನ್ನು ತೀರ್ಪಿನೊಂದಿಗೆ ಹೋಲಿಸುವುದು ಉತ್ತಮ ಅಭ್ಯಾಸವಾಗಬಲ್ಲದು.
- ನಗರಕ್ಕೆ ಬಂದ ಚಿರತೆ: 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಜಾಧವ ನಗರದಲ್ಲಿ ಕಾಣಿಸಿಕೊಂಡ ಚಿರತೆಯು ಗಾಲ್ಫ್ ಮೈದಾನದಲ್ಲಿ ಅವಿತುಕೊಂಡಾಗ ಸುತ್ತಲಿನ ಶಾಲೆಗಳಿಗೆ ರಜೆ ನೀಡಲಾಯಿತು. ಶೋಧಕ್ಕಾಗಿ ಸಕ್ರೆಬೈಲಿನಿಂದ ಆನೆಗಳನ್ನು ತರಲಾಯಿತು. ಇಂಥ ಸಮಯದಲ್ಲಿ ದಿನಾಂಕ, ಸ್ಥಳಗಳಿಲ್ಲದ ಪ್ರಾಣಿಯ ಚಿತ್ರ ಬಂದರೆ ಹಿನ್ನೆಲೆಯ ಮರ, ಕಟ್ಟಡ, ಫಲಕಗಳನ್ನು ನೋಡಿ ಅದು ಎಲ್ಲಿಯದೆಂದು ಗುರುತಿಸುವುದನ್ನು ಕಲಿಸಬಹುದು.
- ಒಂದೇ ಘಟನೆ, ಎರಡು ಭಾಷೆ: ಮಹಾನಗರ ಪಾಲಿಕೆಯ ಸಭೆಯಂಥ ಘಟನೆಯ ಕನ್ನಡ ಮತ್ತು ಮರಾಠಿ ವರದಿಗಳ ಶೀರ್ಷಿಕೆ, ಬಳಸಿದ ವಿಶೇಷಣ, ಬಿಟ್ಟುಹೋದ ಸಂಗತಿ ಮತ್ತು ಮಾತನಾಡಿಸಿದ ವ್ಯಕ್ತಿಗಳನ್ನು ಪಟ್ಟಿ ಮಾಡುವುದು.

ಶಾಲೆ ಮತ್ತು ಗ್ರಂಥಾಲಯ

ಕರ್ನಾಟಕದ ಪ್ರೌಢಶಾಲಾ ಹಂತದಲ್ಲಿ ಮಾಧ್ಯಮ ಸಾಕ್ಷರತೆಯು ಪ್ರತ್ಯೇಕ ವಿಷಯವಾಗಿಲ್ಲ. ಪದವಿ ಹಂತದಲ್ಲಿ ಪತ್ರಿಕೋದ್ಯಮವನ್ನು ಆಯ್ದುಕೊಂಡವರಿಗೆ ಮಾತ್ರ ಮಾಧ್ಯಮದ ವ್ಯವಸ್ಥಿತ ಅಧ್ಯಯನ ದೊರೆಯುತ್ತದೆ. ಆದರೆ ಭಾಷಾ ಪಾಠದಲ್ಲಿ ವರದಿಯ ವಿಶ್ಲೇಷಣೆ, ಸಮಾಜ ವಿಜ್ಞಾನದಲ್ಲಿ ದಾಖಲೆಗಳ ಓದು, ಗಣಿತದಲ್ಲಿ ಶೇಕಡಾವಾರು ಮತ್ತು ನಕ್ಷೆಗಳ ಪರಿಶೀಲನೆ, ವಿಜ್ಞಾನದಲ್ಲಿ ಆರೋಗ್ಯ ಸಂದೇಶಗಳ ಪರೀಕ್ಷೆ ಸೇರಿಸಲು ಹೊಸ ಪಠ್ಯಪುಸ್ತಕ ಬೇಕಾಗುವುದಿಲ್ಲ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇದಕ್ಕೆ ಸೂಕ್ತ ನೆಲೆಯಾಗಿವೆ. 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಈ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಗುತ್ತಿದೆ. ಇವುಗಳನ್ನು ಈಗ 'ಅರಿವು ಕೇಂದ್ರ'ಗಳೆಂದು ಕರೆಯಲಾಗುತ್ತದೆ. ಮೊಬೈಲ್ ಸಂಪರ್ಕ ದುರ್ಬಲವಾಗಿರುವ ಕಾಡಂಚಿನ ಊರುಗಳಲ್ಲಿ ಮುದ್ರಿತ ಪತ್ರಿಕೆಗಳನ್ನೇ ಆಧರಿಸಿದ ಚಟುವಟಿಕೆಗಳು ಹೆಚ್ಚು ಅನುಕೂಲಕರ.

ಪರಿಣಾಮದ ಅಧ್ಯಯನಗಳು

ಮಾಧ್ಯಮ ಸಾಕ್ಷರತೆಯ ಬೋಧನೆ ಫಲ ನೀಡುತ್ತದೆಯೇ ಎಂಬ ಪ್ರಶ್ನೆಗೆ ಬಿಹಾರದಲ್ಲಿ ನಡೆದ ಎರಡು ಅಧ್ಯಯನಗಳು ಭಿನ್ನ ಉತ್ತರ ನೀಡಿವೆ. ಸುಮಿತ್ರಾ ಬದ್ರಿನಾಥನ್ ಅವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕರಿಗೆ ಸುಮಾರು ಒಂದು ಗಂಟೆಯ ತರಬೇತಿಯನ್ನು ನೀಡಲಾಗಿತ್ತು. ಅದರಿಂದ ಸುಳ್ಳು ಸುದ್ದಿ ಗುರುತಿಸುವ ಸಾಮರ್ಥ್ಯದಲ್ಲಿ ಒಟ್ಟಾರೆ ಗಮನಾರ್ಹ ಸುಧಾರಣೆ ಕಂಡುಬರಲಿಲ್ಲ. ನಂತರ ಅವರೂ ಸಹಸಂಶೋಧಕರೂ 13,500ಕ್ಕೂ ಹೆಚ್ಚು ಶಾಲಾ ವಿದ್ಯಾರ್ಥಿಗಳೊಂದಿಗೆ ನಡೆಸಿದ ಅಧ್ಯಯನದಲ್ಲಿ ಹಲವು ವಾರಗಳ ಕಾಲ ತರಗತಿಯ ರೂಪದಲ್ಲಿ ಪಾಠ ಮಾಡಲಾಯಿತು. ವಿದ್ಯಾರ್ಥಿಗಳ ವಿವೇಚನೆ ಸುಧಾರಿಸಿತು, ತಿಂಗಳುಗಳ ನಂತರವೂ ಉಳಿಯಿತು ಮತ್ತು ಅವರ ಪೋಷಕರಲ್ಲಿಯೂ ಅದರ ಪ್ರಭಾವ ಕಂಡುಬಂತು. ಒಂದು ದಿನದ ಜಾಗೃತಿ ಕಾರ್ಯಕ್ರಮಕ್ಕಿಂತ ಎಳೆಯ ವಯಸ್ಸಿನಲ್ಲಿ ನಿರಂತರವಾಗಿ ನೀಡುವ ಶಿಕ್ಷಣ ಹೆಚ್ಚು ಫಲಕಾರಿ ಎಂಬ ವಾದವನ್ನು ಇದು ಬಲಪಡಿಸುತ್ತದೆ.

ಕಾನೂನು

ಸಾರ್ವಜನಿಕ ಭೀತಿ ಅಥವಾ ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಸುಳ್ಳು ಹೇಳಿಕೆಗಳನ್ನು ಹರಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಅಡಿ ಅಪರಾಧವಾಗಿದೆ. ಬೇರೊಬ್ಬರ ಸೋಗಿನಲ್ಲಿ ಕಂಪ್ಯೂಟರ್ ಮೂಲಕ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಸೆಕ್ಷನ್ ಅನ್ವಯಿಸುತ್ತದೆ. ಅದೇ ಕಾಯಿದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಅಸಾಂವಿಧಾನಿಕವೆಂದು ರದ್ದುಪಡಿಸಿತು. 2025ರಲ್ಲಿ ಕರ್ನಾಟಕ ಸರ್ಕಾರವು ತಪ್ಪು ಮಾಹಿತಿ ಮತ್ತು ಸುಳ್ಳು ಸುದ್ದಿ ನಿಷೇಧಕ್ಕಾಗಿ ಸಿದ್ಧಪಡಿಸಿದ ಕರಡು ಮಸೂದೆಯಲ್ಲಿ ಏಳು ವರ್ಷಗಳವರೆಗಿನ ಶಿಕ್ಷೆಯ ಪ್ರಸ್ತಾಪವಿತ್ತು. ಇದು ಅಭಿವ್ಯಕ್ತಿ ಸ್ವಾತಂತ್ರ್ಯದ ಕುರಿತ ಚರ್ಚೆಗೆ ಕಾರಣವಾಯಿತು. ಆಸ್ಟ್ರೇಲಿಯಾವು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನು ನಿರ್ಬಂಧಿಸಿದೆ.

ಟೀಕೆ ಮತ್ತು ಮಿತಿಗಳು

ಮಾಧ್ಯಮ ಸಾಕ್ಷರತೆಯ ಮೇಲೆ ಹೆಚ್ಚು ಒತ್ತು ನೀಡಿದರೆ ಕಂಪನಿಗಳ ಮತ್ತು ಸರ್ಕಾರದ ಹೊಣೆಯನ್ನು ಬಳಕೆದಾರರ ಮೇಲೆ ಹೊರಿಸಿದಂತಾಗುತ್ತದೆ ಎಂಬ ಟೀಕೆಯಿದೆ. ಖಾನಾಪುರದ ಪ್ರಕರಣದಂತಹ ವಂಚನೆಗಳನ್ನು ತಡೆಯಲು ಬ್ಯಾಂಕ್, ದೂರಸಂಪರ್ಕ ಸಂಸ್ಥೆ ಮತ್ತು ಪೊಲೀಸರ ಪಾತ್ರವೂ ಅಷ್ಟೇ ಅಗತ್ಯ.

ಅತಿಯಾದ ಸಂದೇಹವೂ ಅಪಾಯಕಾರಿ ಎಂಬುದು ಮತ್ತೊಂದು ಆಕ್ಷೇಪ. ಎಲ್ಲ ಮಾಧ್ಯಮಗಳೂ ಸುಳ್ಳು ಹೇಳುತ್ತವೆ ಎಂಬ ತೀರ್ಮಾನಕ್ಕೆ ಬಂದ ವಿದ್ಯಾರ್ಥಿಯು ನಂಬಲರ್ಹ ವರದಿಯನ್ನೂ ತಿರಸ್ಕರಿಸುತ್ತಾನೆ. ಆದ್ದರಿಂದ ಯಾವುದನ್ನು ನಂಬಬಾರದೆಂಬುದರ ಜೊತೆಗೆ ಯಾವುದನ್ನು, ಯಾವ ಆಧಾರದ ಮೇಲೆ ನಂಬಬಹುದೆಂಬುದನ್ನೂ ಕಲಿಸಬೇಕಾಗುತ್ತದೆ.

ಗಡಿ ಪ್ರದೇಶದಲ್ಲಿ ಬೋಧಕರಿಗೆ ವಿಶೇಷ ಸವಾಲುಗಳಿವೆ. ಭಾಷೆ ಮತ್ತು ಗಡಿಯ ವಿಷಯಗಳನ್ನು ತರಗತಿಯಲ್ಲಿ ಎತ್ತಿಕೊಂಡಾಗ ಶಿಕ್ಷಕರು ಪಕ್ಷ ವಹಿಸಿದರೆಂಬ ಆರೋಪ ಬರಬಹುದು. ಎದುರು ಪಕ್ಷದ ಸುಳ್ಳುಗಳನ್ನಷ್ಟೇ ಹುಡುಕುವ ಪಾಠವು ಉದ್ದೇಶವನ್ನೇ ಸೋಲಿಸುತ್ತದೆ. ತನಗೆ ಪ್ರಿಯವಾದ ಸಂದೇಶವನ್ನು ಮುಂದೂಡುವ ಮೊದಲು, ಅಪ್ರಿಯವಾದುದಕ್ಕೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳುವುದು ಮಾಧ್ಯಮ ಸಾಕ್ಷರತೆಯ ಮುಖ್ಯ ಅಳತೆಗೋಲಾಗಿದೆ.

ಇವನ್ನೂ ನೋಡಿ

- ಸುಳ್ಳು ಸುದ್ದಿ
- ಬೆಳಗಾವಿ ಗಡಿ ವಿವಾದ
- ಮಹದಾಯಿ ನದಿ
- ಸೈಬರ್ ಅಪರಾಧ
- ಖಾನಾಪುರ